ಹಾಲು ಬಿಡದ ಕೂಸು

"ಈ ಮಗು ಇನ್ನೂ ಮೊಲೆ ಕುಡಿಯುತ್ತಾ?"

ಹಡಗಿನ ವೈದ್ಯ ಬೆರಳು ತೋರಿಸಿ ಕೇಳಿದ್ದೇ ತಡ, ಹೊನೋರಾ ಮಗಳನ್ನು ಶಾಲಿನೊಳಗೆ ಎಳೆದುಕೊಂಡಳು. ಕಾರ್ಕ್ ಬಂದರಿನಲ್ಲಿ ಕೈದಿಗಳ ಹಡಗು ಹಾಯಿ ಬಿಚ್ಚಲು ಕಾದು ನಿಂತಿತ್ತು. ಒಂದು ಕುರಿ ಕದ್ದ ತಪ್ಪಿಗೆ ಅವಳಿಗೆ ಏಳು ವರ್ಷ ಗಡೀಪಾರು, ಆಸ್ಟ್ರೇಲಿಯಾಕ್ಕೆ. ಮೊಲೆ ಕುಡಿಯುವ ಕೂಸಾದರೆ ತಾಯಿಯ ಜೊತೆ ಹಡಗಿಗೆ, ಹಾಲು ಬಿಟ್ಟಿದ್ದರೆ ದಡದ ಅನಾಥಾಲಯಕ್ಕೆ. ಈ ವೈದ್ಯನ ಕಟ್ಟಪ್ಪಣೆ ಅದು. ಮಗಳು ಎಲಿಶ್‌ಗೋ ಮೂರು ತುಂಬಿತ್ತು, ಬಾಯಿ ತುಂಬ ಹಲ್ಲು.

"ಹ್ಞೂಂ, ಕುಡಿಯುತ್ತೆ ಅಂತಾಳೆ ಸ್ವಾಮಿ," ಎಂದಳು ಪೆಗ್. ಅವಳೂ ಕೈದಿಯೇ. ಹೊನೋರಾಳಿಗೆ ಇಂಗ್ಲಿಷ್ ಬಾರದು, ವೈದ್ಯನಿಗೆ ಐರಿಷ್ ಬಾರದು. ದೊರೆಗಳ ಮನೆಯಲ್ಲಿ ಪಾತ್ರೆ ತಿಕ್ಕಿದ್ದ ಪೆಗ್‌ಗೆ ಎರಡೂ ಬರುತ್ತಿದ್ದವು.

"ಹಾಗಿದ್ರೆ ಕುಡಿಸಲಿ, ನೋಡೋಣ."

ಪೆಗ್ ಅದನ್ನು ಐರಿಷ್‌ನಲ್ಲಿ ಹೇಳಿದ್ದೇ ಹೊನೋರಾ ಶಾಲು ಸರಿಸಿ ಮಗಳನ್ನು ಎದೆಗೆ ಒತ್ತಿಕೊಂಡಳು. ದೇವರೇ, ಇದೊಂದು ಸಲ ಇವಳು ಸುಮ್ಮನಿದ್ದರೆ ಸಾಕು! ಆ ಪುಣ್ಯಾತ್ಗಿತ್ತಿ ಸುಮ್ಮನಿದ್ದಾಳೆಯೇ? ಅಮ್ಮನಿಗೆ ತಲೆ ಕೆಟ್ಟಿತೇನೋ ಎಂಬಂತೆ ನೋಡಿ, ಹಡಗಿಗೆಲ್ಲ ಕೇಳುವಂತೆ ಐರಿಷ್‌ನಲ್ಲಿ ಕಿರುಚಿದಳು:

"ಥೂ! ಇದರಲ್ಲಿ ಏನೂ ಬರಲ್ಲಮ್ಮಾ! ನಂಗೆ ಆಲೂಗಡ್ಡೆ ಕೊಡು!"

ವೈದ್ಯ ಹುಬ್ಬು ಗಂಟಿಕ್ಕಿ ಇನ್ನಷ್ಟು ಬಗ್ಗಿದ. "ಏನಂತೆ ಅದಕ್ಕೆ?"

ಪೆಗ್ ಒಂಚೂರೂ ತಡವರಿಸಲಿಲ್ಲ. "ಗಂಡಸರು ಹಿಂಗೆ ಬಗ್ಗಿ ಬಗ್ಗಿ ನೋಡ್ತಾ ನಿಂತ್ರೆ ಹೆಂಗೆ ಕುಡೀಲಿ ಅಂತಿದೆ ಸ್ವಾಮಿ."

ಸಾಲಿನಲ್ಲಿದ್ದ ಹೆಂಗಸರಲ್ಲಿ ಯಾರೋ ಕಿಸಕ್ಕೆಂದರು. ವೈದ್ಯ ಕಿವಿಯವರೆಗೂ ಕೆಂಪಾಗಿ ಸರಕ್ಕನೆ ಆ ಕಡೆ ತಿರುಗಿಬಿಟ್ಟ. "ಆಯ್ತು, ಆಯ್ತು! ಇಬ್ಬರನ್ನೂ ಕೆಳಗೆ ಕಳಿಸು. ಮುಂದಿನವಳು ಬರಲಿ!"

ಹೊನೋರಾ ಪೆಗ್‌ಳ ಹಿಂದೆ ಕೆಳಗಿನ ಕತ್ತಲ ಅಂತಸ್ತಿಗೆ ಇಳಿದಳು. ಹಲಗೆಯ ಮೇಲೆ ಕುಸಿದು ಕೂತು, ಮಗಳನ್ನು ಅವಚಿಕೊಂಡು, ಅಳುತ್ತ ನಕ್ಕಳು. "ನಿನ್ನ ಬಾಯಿಗೆ ಸಕ್ಕರೆ ಹಾಕ ಕಣೇ ಪೆಗ್!"

"ಸಕ್ಕರೆ ಆಮೇಲೆ. ಮೊದ್ಲು ಇವಳ ಬಾಯಿಗೆ ಆಲೂಗಡ್ಡೆ ಹಾಕು, ಇಲ್ದಿದ್ರೆ ಮತ್ತೆ ಶುರು ಹಚ್ಕೋತಾಳೆ!"

ಸಂಜೆ ಲಂಗರು ಎತ್ತಿದರು. ಹೆಂಗಸರೆಲ್ಲ ಕಿಂಡಿಗಳಿಗೆ ಮುಗಿಬಿದ್ದು ಗೋಳೋ ಎಂದು ಅಳತೊಡಗಿದರು. ಅಷ್ಟು ಗಟ್ಟಿಗಿತ್ತಿ ಪೆಗ್ ಕೂಡ ಕಣ್ಣೊರೆಸಿಕೊಳ್ಳುತ್ತ ಕೂಗಿದಳು, "ಬಾರೇ ಹೊನೋರಾ! ನಮ್ಮ ಊರು ಹೋಗ್ತಾ ಇದೆ ಕಣೇ, ಕೊನೇ ಸಲ ನೋಡ್ಕೋ ಬಾ!"

ಹೊನೋರಾ ಕೂತಲ್ಲಿಂದ ಏಳಲಿಲ್ಲ.

"ಹೋಗ್ಲಿ ಬಿಡೇ," ಎಂದಳು ಪಿಸುದನಿಯಲ್ಲಿ. "ಕೂಗ್ಬೇಡ. ಈಗ ತಾನೇ ಮಲಗಿದ್ದಾಳೆ."