ಹತ್ತಕ್ಕೆ ಎಷ್ಟು ಕೊಡ್ತೀರಿ?

ಬೆನ್ನುಮೂಳೆಯ ಆಪರೇಷನ್ ಆದವರನ್ನೆಲ್ಲ ಡಾಕ್ಟರು ಮಂಚದ ಕಾಲ್ದೆಸೆಯಲ್ಲಿ ನಿಂತೇ ವಿಚಾರಿಸುತ್ತಿದ್ದರು: "ಈಗ ಹತ್ತಕ್ಕೆ ಎಷ್ಟು ಕೊಡ್ತೀರಿ?" ತಡೆಯಲಾರದ ನೋವಿಗೆ ಹತ್ತು, ನೋವೇ ಇಲ್ಲದಿದ್ದರೆ ಸೊನ್ನೆ. ಇದು ಊರಿಗೇ ಗೊತ್ತಿರುವ ಲೆಕ್ಕವೆಂದು ಅವರ ಎಣಿಕೆ.

ಕಿಟಕಿ ಪಕ್ಕದ ಹಾಸಿಗೆಯ ಟೀಚರಮ್ಮ ಮೊದಲ ದಿನ "ಎಂಟು" ಅಂದಿದ್ದರು. ಆಮೇಲೆ ಅದು ಐದಾಯಿತು, ಎರಡಾಯಿತು. ಡಾಕ್ಟರಿಗೆ ಒಳಗೊಳಗೇ ಹೆಮ್ಮೆ.

ಇವತ್ತು ಟೀಚರಮ್ಮ ಸ್ವಲ್ಪ ಹೊತ್ತು ಯೋಚಿಸಿ, "ಸೊನ್ನೆ," ಅಂದರು.

"ಭೇಷ್! ನಾಳೆ ಮನೆಗೆ ಹೊರಡಿ." ಡಾಕ್ಟರು ಹಿಂದೆ ನಿಂತಿದ್ದ ಜೂನಿಯರುಗಳತ್ತ ತಿರುಗಿ ನಕ್ಕರು. "ನೋಡಿದ್ರಾ? ಕೆಲಸ ಅಂದ್ರೆ ಹೀಗಿರಬೇಕು."

"ಡಾಕ್ಟ್ರೇ, ಹೊದಿಕೆ ಸ್ವಲ್ಪ ಸರಿಸ್ತೀರಾ?"

"ಯಾಕಮ್ಮ?"

"ಕಾಲ್ಬೆರಳು ಅಲ್ಲಾಡಿಸ್ತಾ ಇದೀನಿ. ಅಲ್ಲಾಡ್ತಿದೆಯಾ ನೋಡಿ ಹೇಳಿ. ನನಗೆ ಗೊತ್ತಾಗ್ತಿಲ್ಲ."

ಡಾಕ್ಟರು ಹೊದಿಕೆ ಎತ್ತಿದರು. ಒಂದು ಬೆರಳೂ ಕದಲುತ್ತಿರಲಿಲ್ಲ.

"ಮತ್ತೆ ಸೊನ್ನೆ ಅಂದ್ರಲ್ಲಮ್ಮ!"

"ಜೀವಮಾನವೆಲ್ಲ ಪೇಪರು ತಿದ್ದಿದ್ದೀನಿ," ಅಂದರು ಟೀಚರಮ್ಮ, "ಸೊನ್ನೆ ತಗೊಂಡು ಇಷ್ಟು ಹಿಗ್ಗಿದವರನ್ನ ಇವತ್ತೇ ನೋಡಿದ್ದು."