ಅರ್ಧಕ್ಕಿಳಿದ ಕುರ್ಚಿಗಳು

ಮತಗಟ್ಟೆಯ ಪರದೆಯ ಹಿಂದೆ ಆರ್ಡಿಸ್ ಲೋಕೆನ್‌ಳ ಪೆನ್ನು ಗಾಳಿಯಲ್ಲೇ ನಿಂತಿತ್ತು. ಎದುರಿಗಿದ್ದ ಮತಪತ್ರದಲ್ಲಿ ಒಂದೇ ಪ್ರಶ್ನೆ: ರಾಜ್ಯದ ಶಾಸನಸಭೆಯ ಕುರ್ಚಿಗಳನ್ನು ಅರ್ಧಕ್ಕಿಳಿಸಿ, ಉಳಿಯುವ ಶಾಸಕರ ಸಂಬಳ ಏರಿಸಬೇಕೇ?

‘ಹೌದು’ ಗೆದ್ದರೆ ಶಾಸಕಿ ಆರ್ಡಿಸ್‌ಳ ಕ್ಷೇತ್ರ ಪಕ್ಕದ ಕ್ಷೇತ್ರದೊಳಗೆ ಸೇರಿಹೋಗುತ್ತಿತ್ತು. ಅಲ್ಲಿಯ ಶಾಸಕ ಆಲ್ವಿನ್ ಬ್ರೆಕೆ ಸೋತ ಚರಿತ್ರೆಯೇ ಇಲ್ಲ.

ಹೊರಗೆ ಬೇಕರಿಯ ವರ್ನಾ ಕಾದಿದ್ದಳು. “ಯಾಕೇ ಮುಖ ಹಿಂಗಿದೆ? ನಿನ್ನ ಕುರ್ಚಿ ಎಲ್ಲಿಗೂ ಹೋಗಲ್ಲ ಕಣೇ. ನಾವು ಬಿಡ್ತೀವಾ?”

“ಅದೇ ಭಯ ನಂಗೆ,” ಎಂದಳು ಆರ್ಡಿಸ್. ವರ್ನಾ ಜೋರಾಗಿ ನಕ್ಕಳು.

ಪ್ರತಿ ಚಳಿಗಾಲ ಆರ್ಡಿಸ್ ಊರಿನ ತನ್ನ ಬ್ಯೂಟಿ ಪಾರ್ಲರಿಗೆ ಬೀಗ ಹಾಕಿ ಶಾಸನಸಭೆಯ ಅಧಿವೇಶನಕ್ಕೆ ರಾಜಧಾನಿಗೆ ಹೋಗುತ್ತಿದ್ದಳು. ಶಾಸಕರ ಸಂಬಳ ಅಲ್ಲಿಯ ಕೋಣೆ ಬಾಡಿಗೆಗೇ ಮುಗಿಯುತ್ತಿತ್ತು. ಮನೆಯಲ್ಲಿ ಗಂಡ ಮರ್ಲ್ ಒಬ್ಬನೇ. ಗೋಧಿ ಕಣಜದ ಏಣಿಯಿಂದ ಬಿದ್ದ ಮೇಲೆ ಕಾಲುಚೀಲ ಹಾಕಿಕೊಳ್ಳಲೂ ಅವನಿಗೆ ಬಗ್ಗಲಾಗುತ್ತಿರಲಿಲ್ಲ. ಫೋನಿನಲ್ಲಿ ಮಾತ್ರ ‘ಚೆನ್ನಾಗಿದ್ದೀನಿ’ ಎನ್ನುತ್ತಿದ್ದ.

ಕಳೆದ ಚುನಾವಣೆಯ ಹೊತ್ತಿಗೆ ‘ಸಾಕು’ ಎಂದು ಬಾಯಿಬಿಟ್ಟಿದ್ದಳು. ಊರಿಗೆ ಊರೇ ಚರ್ಚಿನ ನೆಲಮಾಳಿಗೆಯಲ್ಲಿ ಸೇರಿತು. ‘ನಮ್ಮ ಆಸ್ಪತ್ರೆ ಮುಚ್ಚಿದರೆ ಕೇಳುವವರು ಯಾರು?’ ಎಂದರು. ಬೇರೆ ಯಾರೂ ನಿಲ್ಲಲಿಲ್ಲ. ಅವಳು ನಕ್ಕು ಒಪ್ಪಿಕೊಂಡಳು. ಅಂದಿನಿಂದ ಆ ನಗುವನ್ನು ಮುಖದಿಂದ ಇಳಿಸಲು ಆಗಿಯೇ ಇರಲಿಲ್ಲ.

ಈ ಸಲವೂ ಊರು ಬಯಸಿದಂತೆ ಪ್ರಸ್ತಾವದ ವಿರುದ್ಧ ಭಾಷಣ ಮಾಡಿದಳು. ಜನ ಒಬ್ಬರ ಮುಖ ಒಬ್ಬರು ನೋಡಿ ಮುಗುಳ್ನಕ್ಕು ಚಪ್ಪಾಳೆ ತಟ್ಟಿದರು. ಮರ್ಲ್ ಕೂಡ ಊರುಗೋಲನ್ನು ಕಾರಿಗೆಸೆದು ದಿನವೂ ಹೊರಡುತ್ತಿದ್ದ. “ಎಲ್ಲಿಗೋ?” ಎಂದರೆ, “ನಿನ್ನ ಕೆಲಸಕ್ಕೇ,” ಎನ್ನುತ್ತಿದ್ದ. ‘ಇಲ್ಲ’ಕ್ಕೆ ಮತ ಕೇಳಲು ಹೊರಟಿದ್ದಾನೆ ಎಂದುಕೊಂಡು ಅವಳು ಕಾರು ಕಣ್ಮರೆಯಾಗುವವರೆಗೂ ಬಾಗಿಲಲ್ಲೇ ನಿಲ್ಲುತ್ತಿದ್ದಳು.

ಆದರೆ ಮತಗಟ್ಟೆಯ ಪರದೆಯ ಹಿಂದೆ ಅವಳು ಗುರುತು ಹಾಕಿದ್ದು ‘ಹೌದು’ ಎಂಬುದಕ್ಕೆ.

ಮರುದಿನ ಬೆಳಿಗ್ಗೆ ರೇಡಿಯೋ ಹೇಳಿತು: ಪ್ರಸ್ತಾವ ಗೆದ್ದಿದೆ. ಆರ್ಡಿಸ್ ಬಚ್ಚಲ ಬಾಗಿಲು ಹಾಕಿಕೊಂಡು ಸಂತೋಷಕ್ಕೆ ಅತ್ತಳು. ಇನ್ನು ಚಳಿಗಾಲವೆಲ್ಲ ಮನೆಯಲ್ಲೇ. ಮುಖ ತೊಳೆದು, ಸೋತವಳ ಹಾಗೆ ತಲೆ ತಗ್ಗಿಸಿ ಹೊರಬಂದಳು.

ಅಡುಗೆಮನೆ ತುಂಬ ಜನ. ವರ್ನಾಳ ಕೈಯಲ್ಲಿ ದೊಡ್ಡ ಕೇಕು.

“ಊರೆಲ್ಲ ‘ಹೌದು’ಗೇ ಮತ ಹಾಕಿದ್ದು ಕಣೇ! ಆ ಪುಡಿಗಾಸಿಗೆ ಇನ್ನೆಷ್ಟು ವರ್ಷ ಜೀವ ತೇಯ್ತೀಯ? ಇನ್ಮೇಲೆ ಸರಿಯಾದ ಸಂಬಳ! ನಿನ್ನ ಭಾಷಣ ಕೇಳ್ತಾ ನಗು ತಡ್ಕೊಳ್ಳೋದೇ ಕಷ್ಟ ಆಗಿತ್ತು!”

ಆರ್ಡಿಸ್ ತಲೆ ಎತ್ತಿದಳು. “ಆದ್ರೆ... ಸೀಟು ಆಲ್ವಿನ್‌ಗೆ ಹೋಗುತ್ತಲ್ಲ?”

ಮರ್ಲ್ ಕುರ್ಚಿಯಿಂದ ಕಷ್ಟಪಟ್ಟು ಎದ್ದ. ಅವನ ಕಣ್ಣು ತುಂಬಿತ್ತು.

“ದಿನಾ ಅವನ ಮನೆಗೆ ಹೋಗಿ ಕೂತು ಒಪ್ಪಿಸಿದ್ದೀನಿ, ಅವನು ನಿಲ್ಲಲ್ಲ, ಎರಡೂ ಕ್ಷೇತ್ರ ನಿಂದೇ, ನಿನ್ನ ಜೀವ ಆ ಕೆಲಸದಲ್ಲೇ ಇದೆ ಅಂತ ನಂಗೊತ್ತಿಲ್ವಾ?”