ಎರಡು ಸಾವಿರ ಸತ್ತ ಟೀವಿಗಳು

"ಎರಡು ಸಾವಿರ ಸತ್ತ ಟೀವಿ ಬಿಚ್ಚಿ ಬಿಸಾಕೀನ್ರಿ! ಅವುಗಳ ವೈರು ಜೋಡಿಸಿದ್ರ ಕೊಟ್ಟೂರಿಂದ ಹಡಗಲಿಗೆ ಹೋಗಿ, ಅಲ್ಲೇ ಊಟ ಮಾಡಿ, ವಾಪಸ್ ಬರ್ತಾವು!"

ಟೀವಿ ರಿಪೇರಿ ಅಂಗಡಿಯ ಮಸ್ತಾನಸಾಬ ಎದೆಯುಬ್ಬಿಸಿ ಹೀಗೆ ಹೇಳಿದ್ದೇ ತಪ್ಪಾಯಿತು. ಎದುರಿನ ಬೆಂಚಿನ ಮೇಲೆ ಚಹಾ ಕುಡಿಯುತ್ತಿದ್ದ ಕನ್ನಡಕದವರು ಲೋಟ ಕೆಳಗಿಟ್ಟು, ಚೀಲದಿಂದ ಒಂದು ಫಾರಂ ತೆಗೆದರು.

"ನಾನು ಓಬಳೇಶಪ್ಪ, ಬಳ್ಳಾರಿ ಪರಿಸರ ಕಚೇರಿಯವ. ಹೊಸ ಕಾನೂನು ಬಂದೈತಿ. ಹಳೇ ಟೀವಿ, ಕಂಪ್ಯೂಟರ್ ಬಿಚ್ಚಿದ್ರ ಒಳಗಿನ ಸೀಸ ಮಣ್ಣಿಗೆ ಇಳಿತದ. ಪರವಾನಗಿ ಇಲ್ದ ಯಾರೂ ಬಿಚ್ಚಂಗಿಲ್ಲ. ನಿಮಗೈತೇನು?"

"ಇಲ್ದಿದ್ರ ಏನಾಗ್ತದ್ರಿ?"

"ಅಂಗಡಿಗೆ ಬೀಗ."

ಮಸ್ತಾನಸಾಬನ ಮೈಯಿಂದ ಇಳಿದ ಬೆವರಿಗೆ ಊರ ಕೆರೆ ಎರಡು ಸಲ ಕೋಡಿ ಬೀಳಬಹುದಿತ್ತು. ಇಪ್ಪತ್ತು ವರ್ಷದ ಅಂಗಡಿ. ಅದು ಮುಚ್ಚಿದರೆ ಹಿಂದಿನ ಮನೆಯ ಒಲೆಯೂ ಆರಿದಂತೆ.

"ಎರಡು ಸಾವಿರ ಅಂತ ಬಾಯಿಮಾತಿಗೆ ಅಂದೆನ್ರಿ. ಇನ್ನೂರು ಇರಬೌದು."

ಓಬಳೇಶಪ್ಪ ಇನ್ನೂರು ಎಂದು ಬರೆಯತೊಡಗಿದರು.

"ಬರೀಬ್ಯಾಡ್ರಿ! ಇಪ್ಪತ್ತು!"

"ಇಪ್ಪತ್ತಕ್ಕೂ ಬೀಗಾನ ಹಾಕೋದು."

"ಎರಡು! ಅವೂ ಕಪ್ಪು-ಬಿಳುಪಿನವು!"

"ಒಂದು ಬಿಚ್ಚಿದ್ರೂ ಬಿಚ್ಚಿದಂಗ."

ಅಷ್ಟರಲ್ಲಿ ಹಿಂಬಾಗಿಲಿನಿಂದ ಹೆಂಡತಿ ಪೀರ್ ಬೀ ಹೊರಬಂದಳು. "ಸಾಕು ಮಾಡ್ರಿ ನಿಮ್ಮ ಲೆಕ್ಕ. ನಾ ಹೊದ್ಕೊಳ್ಳೋ ಕೌದಿ ಗುರುವಾರಕ್ಕೊಮ್ಮೆ ಹರಪನಹಳ್ಳಿಗೆ ಯಾಕ ಹೋಗ್ತದ, ಸಾಹೇಬ್ರಿಗೆ ಹೇಳ್ರಿ. ಇಲ್ಲಾಂದ್ರ ನಾನ ಹೇಳ್ತೀನಿ."

ಮಸ್ತಾನಸಾಬ ಬೀದಿಯ ಆ ಕಡೆ ನೋಡಿದ, ಈ ಕಡೆ ನೋಡಿದ. ಗಿರಾಕಿಗಳು ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ದನಿ ತಗ್ಗಿಸಿದ.

"ನನಗ ಟೀವಿ ಬಿಚ್ಚಾಕ ಬರಂಗಿಲ್ರಿ."

"ಒಂದೂ ಬಿಚ್ಚಿಲ್ಲ?"

"ಅಲ್ಲಾನಾಣೆ, ಒಂದು ಸ್ಕ್ರೂ ಸೈತ ತಿರುವಿಲ್ರಿ."

ಓಬಳೇಶಪ್ಪ ನಗು ತಡೆಯಲಾರದೆ ಫಾರಂ ಹರಿದರು. "ಬಿಚ್ಚದವರಿಗೆ ಈ ಕಾನೂನು ಹತ್ತಂಗಿಲ್ಲ. ಆರಾಮಾಗಿ ಅಂಗಡಿ ನಡೆಸ್ರಿ."

ಮಸ್ತಾನಸಾಬ ಬಿಟ್ಟ ಉಸಿರಿಗೆ ಎದುರಿನ ಬಟ್ಟೆ ಅಂಗಡಿಯ ಸೀರೆಗಳೆಲ್ಲ ಹಾರಾಡಿದವು.

"ಮತ್ತ ಇಷ್ಟು ವರ್ಷ ರಿಪೇರಿ ಯಾರು ಮಾಡಿದ್ರು?" ಓಬಳೇಶಪ್ಪ ಕೇಳಿದರು.

"ಹರಪನಹಳ್ಳಿ ಪಾಲಾಕ್ಷಪ್ಪ ಮಾಡ್ತಾನ್ರಿ, ಅವಂಗ ಪರವಾನಗಿ ಐತಿ. ನಾ ಟೀವಿಗೆ ಕೌದಿ ಸುತ್ತಿ, ಬಸ್ಸಿನ್ಯಾಗ ಕೂಸಿನಂಗ ತೊಡಿ ಮ್ಯಾಲೆ ಕುಂದ್ರಿಸ್ಕೊಂಡು ಒಯ್ತೀನಿ, ಹಂಗ ತರ್ತೀನಿ. ಇವತ್ತಿನ ತನಕ ಒಂದೂ ಒಡದಿಲ್ರಿ!"

ಪೀರ್ ಬೀ ಕೆಮ್ಮಿದಳು.

"ಒಂದು ಒಡದೈತ್ರಿ," ಎಂದ ಮಸ್ತಾನಸಾಬ.